ಒಂದು ಠರಾವಿಗೆ ಒಂದೇ ವಿಷಯ

ತಾಲ್ಲೂಕು ಕಚೇರಿಯಿಂದ ಬಂದ ಸುತ್ತೋಲೆಯನ್ನು ಪಂಚಾಯತಿ ಕಾರ್ಯದರ್ಶಿ ಮುರುಗಪ್ಪ ಮೂರು ಸಲ ಓದಿದ. ಇನ್ನು ಮುಂದೆ ಒಂದು ಠರಾವಿನಲ್ಲಿ ಒಂದೇ ವಿಷಯ ಇರಬೇಕಂತೆ. ಪ್ರತಿಯೊಂದರ ಕೆಳಗೂ ಅಧ್ಯಕ್ಷರು ಬೇರೆಬೇರೆಯಾಗಿ ರುಜು ಹಾಕಬೇಕಂತೆ. ಯಾವ ಊರಲ್ಲೋ ಯಾವನೋ ಪುಣ್ಯಾತ್ಮ ಬೀದಿದೀಪದ ಠರಾವಿನ ಬಾಲಕ್ಕೆ ತನ್ನ ಮಾವನ ನಿವೇಶನ ಕಟ್ಟಿ ಸಿಕ್ಕಿಬಿದ್ದಿದ್ದ. ಮುರುಗಪ್ಪ ಒಂದು ವರ್ಷದಿಂದ ಹೊಂಚು ಹಾಕುತ್ತಿದ್ದ ಉಪಾಯವೂ ಅದೇ.

ಹಿರಿಯೂರು ರಸ್ತೆಗೆ ತಾಗಿದ ಎರಡು ಎಕರೆ ಪಂಚಾಯತಿ ಜಾಗದಲ್ಲಿ ಊರಿನ ಕುರಿಗಳು ಮಧ್ಯಾಹ್ನ ನೆರಳಿಗೆ ನಿಲ್ಲುತ್ತಿದ್ದವು. ಬೇಸಿಗೆಯಲ್ಲಿ ಅಷ್ಟೂ ಹಿಂಡಿಗೆ ನೀರು ಅಲ್ಲಿನ ಬಾವಿಯದೇ. ಆ ಜಾಗ ತನ್ನ ಭಾಮೈದ ಶಿವಕುಮಾರಪ್ಪನ ಹೆಸರಿಗೆ ಮಂಜೂರಾದರೆ ತೆಂಗಿನಕಾಯಿ ಮಂಡಿ ಏಳುತ್ತದೆ, ಅರ್ಧ ಪಾಲು ತನಗೆ. ಹದಿನೆಂಟು ವರ್ಷ ಊರವರ ಅರ್ಜಿ ಬರೆದು ಬೆರಳು ಸವೆಸಿದವನಿಗೆ ಅಷ್ಟೂ ಬೇಡವೇ?

ಬೇರೆ ಠರಾವೇ ಆಗಬೇಕಾದರೆ ಆಗಲಿ ಎಂದುಕೊಂಡ. ಸಭೆಯ ವಿಷಯಗಳು ಆರು. ಅವನು ಆ ಜಾಗದ್ದೂ ಸೇರಿಸಿ ನಡಾವಳಿ ಪುಸ್ತಕದಲ್ಲಿ ಏಳು ಹಾಳೆ ಬರೆದಿಟ್ಟ. ಅಧ್ಯಕ್ಷ ಚಿತ್ತಯ್ಯ ಕುರಿ ಕಾಯ್ದು ಮುದುಕನಾದವನು, ಅಕ್ಷರ ಬಾರದು, ತೋರಿಸಿದ ಕಡೆ ಹೆಬ್ಬೆಟ್ಟು ಒತ್ತುತ್ತಾನೆ. ದೀಪದ ಕಂಬ ಯಾರ ಮನೆ ಮುಂದೆ ಎಂದು ಸದಸ್ಯರು ಕಿತ್ತಾಡುವುದು ಖಂಡಿತ. ಆ ಗಲಾಟೆಯಲ್ಲಿ, ಓದಿ ಹೇಳದ ಆ ಏಳನೇ ಹಾಳೆಯನ್ನು ತೆರೆದು ಮುಂದೆ ಹಿಡಿಯಬೇಕು.

ಸಭೆಯಲ್ಲಿ ಎಲ್ಲ ಲೆಕ್ಕ ಹಾಕಿದಂತೆಯೇ ನಡೆಯಿತು. ಆದರೂ ಏಳನೇ ಹಾಳೆ ತಿರುವುವಾಗ ಮುರುಗಪ್ಪನಿಗೆ ಮುಂದಿನದೆಲ್ಲ ಕಣ್ಣಿಗೆ ಕಟ್ಟಿತು. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ, ಚಿತ್ರದುರ್ಗದ ಜೈಲು, ಹೆಂಡತಿ ಕೊಟ್ರಮ್ಮ ತವರಿನ ಬಾಗಿಲಲ್ಲಿ. ಚಿತ್ತಯ್ಯ ಹೆಬ್ಬೆರಳನ್ನು ಅರ್ಧಕ್ಕೇ ನಿಲ್ಲಿಸಿದ.

“ಮತ್ತೊಂದೈತಾ?”

“ಹೊಸ ಕಾನೂನು, ಅಧ್ಯಕ್ಷರೆ. ಒಂದೊಂದಕ್ಕೂ ಬ್ಯಾರೆ ಒತ್ಬೇಕ್ರಿ.”

ಮುದುಕ ತಲೆಯಾಡಿಸಿ ಒತ್ತಿದ. ಮುರುಗಪ್ಪ ತಟಕ್ಕನೆ ಪುಸ್ತಕ ಮುಚ್ಚಿದ.

ಮರುದಿನ ಬೆಳಿಗ್ಗೆ ನಡಾವಳಿ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹಿರಿಯೂರಿನ ಬಸ್ಸಿಗೆ ಕಾದ. ತಾಲ್ಲೂಕು ಕಚೇರಿಯ ಮೊಹರು ಬಿದ್ದುಬಿಟ್ಟರೆ ಮುಗಿಯಿತು. ಯಾರಾದರೂ ನಮಸ್ಕಾರ ಅಂದರೂ ಪುಸ್ತಕವನ್ನು ಇನ್ನಷ್ಟು ಒತ್ತಿ ಹಿಡಿಯುತ್ತಿದ್ದ. ಕಾನೂನೇ ನನ್ನ ಕಡೆ ಐತೆ, ಹೆದರೋದ್ಯಾಕೆ ಎಂದು ತನಗೆ ತಾನೇ ಹೇಳಿಕೊಂಡ. ದೂರದಲ್ಲಿ ಬಸ್ಸಿನ ಧೂಳು ಕಂಡಾಗ ಜೀವ ಸ್ವಲ್ಪ ಹಗುರವಾಯಿತು.

ಅಷ್ಟರಲ್ಲಿ ಚಿತ್ತಯ್ಯ ಶಾಲೆಯ ಬೋರಪ್ಪ ಮೇಷ್ಟ್ರನ್ನು ಜೊತೆ ಮಾಡಿಕೊಂಡು ಬಂದ. ಕೈಯಲ್ಲಿ ಒಂದು ಗೇಣು ಕರಿ ಉಣ್ಣೆಯ ದಾರವಿತ್ತು. ಮುದುಕ ಎಲ್ಲೇ ಹೆಬ್ಬೆಟ್ಟು ಒತ್ತಿದರೂ ಜೇಬಿನೊಳಗೆ ದಾರಕ್ಕೊಂದು ಗಂಟು ಹಾಕಿಕೊಳ್ಳುತ್ತಿದ್ದನಂತೆ. ಮನೆಗೆ ಹೋಗಿ ಗಂಟಿಗೊಂದರಂತೆ ಆ ದಿನದ ಮಾತನ್ನು ಹೆಂಡತಿಗೆ ಒಪ್ಪಿಸುತ್ತಿದ್ದನಂತೆ. ಹದಿನೆಂಟು ವರ್ಷದಲ್ಲಿ ಮುರುಗಪ್ಪ ಇದನ್ನು ಕಂಡೂ ಇರಲಿಲ್ಲ, ಕೇಳಿಯೂ ಇರಲಿಲ್ಲ. ಹಳೆಯ ಪದ್ಧತಿಯಲ್ಲಾಗಿದ್ದರೆ ಎಲ್ಲ ವಿಷಯಕ್ಕೂ ಸೇರಿ ಒಂದೇ ಹೆಬ್ಬೆಟ್ಟು, ಒಂದೇ ಗಂಟು. ಚಿತ್ತಯ್ಯ ನಾಚಿಕೊಂಡವನ ಹಾಗೆ ದಾರ ಮುಂದೆ ಹಿಡಿದ. “ಗಂಟು ಏಳು ಅವೆ ಕಣಪ್ಪ ಮುರುಗಪ್ಪ, ಮಾತು ಆರೇ ನೆಪ್ಪಿಗೆ ಬರ್ತಾವೆ. ವಯಸ್ಸಾತು ನೋಡು, ನಂಗೇ ಮರ್ತಿರಬೇಕು. ಪುಸ್ತಕ ಇತ್ಲಾಗೆ ಕೊಡು, ಆ ಏಳನೇದು ಏನಂತ ಮೇಷ್ಟ್ರು ಒಂದ್ಸಲ ಓದಿ ಹೇಳ್ಲಿ.”