ಮೊಣಕಾಲೆತ್ತರದ ಕಾನೂನು

"ಊರಿನವರ ತಲೆಗೆಲ್ಲ ಕತ್ತರಿ ಹಾಕ್ತೀರಿ, ನಿಮ್ಮ ಹಿತ್ತಲಿಗೆ ಹಾಕೋಕೆ ಏನ್ರೀ ಧಾಡಿ?"

ಬೇಲಿಯ ಈಚೆ ನಿಂತು ಅವಳು ಕಿರುಚಿದಳು. ಕೈಯಲ್ಲಿ ಗಿರಾಕಿಯ ರೇಷ್ಮೆ ಬಟ್ಟೆ. ಹೊಲಿದು ಹಗ್ಗದ ಮೇಲೆ ಹರವಿದ್ದಷ್ಟೇ... ಗಾಳಿಗೆ ಹಾರಿ ಪಕ್ಕದ ಹಿತ್ತಲಿನ ಕಳೆಯ ಮೇಲೆ ಬಿದ್ದು, ಮೈತುಂಬ ಮುಳ್ಳುಬೀಜ ಅಂಟಿಸಿಕೊಂಡಿತ್ತು.

ಬೇಲಿಯ ಆಚೆ, ಆ ಮನೆಯನ್ನು ಹೊಸದಾಗಿ ಕೊಂಡ ಸಲೂನಿನವನು ಅಲುಗಾಡಲಿಲ್ಲ.

"ನಮ್ಮ ಕಳೆ ನಿಮ್ಮ ಮನೆಗೆ ಬರಲಿಲ್ಲವಲ್ಲ. ನಿಮ್ಮ ಬಟ್ಟೆಯೇ ಬೇಲಿ ಹಾರಿ ಬಂತು."

"ಬಾಯಿಗೇನೂ ಕಡಿಮೆ ಇಲ್ಲ!"

"ದಿನವಿಡೀ ಗಿರಾಕಿಗಳ ಮಾತು ಕೇಳ್ತೀನಿ. ನನ್ನ ಸರದಿ ಬರೋದು ಮನೆಗೆ ಬಂದ ಮೇಲೇ."

ನಗು ಬಂತು. ಹಲ್ಲು ಕಚ್ಚಿ ನುಂಗಿದಳು.

ಅವನು ಬಟ್ಟೆ ಇಸಿದುಕೊಂಡು ಮೆಟ್ಟಿಲ ಮೇಲೆ ಕೂತ. ಹುಬ್ಬು ಕೀಳುವ ಚಿಮಟದಿಂದ ಒಂದೊಂದೇ ಮುಳ್ಳು ತೆಗೆದ. ಒಂದು ಎಳೆಯೂ ಹರಿಯಲಿಲ್ಲ!

'ಇಷ್ಟು ಮೆತ್ತಗಿನ ಕೈ ಗಂಡಸಿಗೂ ಇರುತ್ತಾ...?'

ಅವಳ ಬದುಕಿನಲ್ಲಿ ಬಂದ ಗಂಡಸಿನ ಕೈ ಹೊಡೆಯುವುದಕ್ಕೆ ಮಾತ್ರ ಎದ್ದಿತ್ತು. ಜನ ಅವಳನ್ನು ಗಂಡ ಬಿಟ್ಟವಳು ಅನ್ನುತ್ತಿದ್ದರು. ಸುಳ್ಳು. ಗಂಡ ಬಿಟ್ಟಿದ್ದಲ್ಲ, ಗಂಡನನ್ನು ಅವಳೇ ಬಿಟ್ಟಿದ್ದು. ಕೋರ್ಟಿನಲ್ಲಿ ಎಲ್ಲ ಮುಗಿಸಿ, ಹೊಲಿಗೆ ಯಂತ್ರ ಎತ್ತಿಕೊಂಡು ಅಣ್ಣನ ಮನೆಗೆ ಬಂದ ದಿನ ಅಣ್ಣ ಒಂದೇ ಮಾತು ಹೇಳಿದ್ದ:

"ಇನ್ನೊಬ್ಬ ಗಂಡಸಿನ ಸುದ್ದಿ ಕೇಳಿಬಂದ ದಿನ ಈ ಹೊಸ್ತಿಲು ನಿನ್ನದಲ್ಲ."

ಅಂಥ ಮನೆಯಲ್ಲಿದ್ದುಕೊಂಡು, ಬೇಲಿ ಮುರಿದ ಸಂದಿನಿಂದ ಅವಳು ಆಚೆ ಹೋಗತೊಡಗಿದಳು. ಅತ್ತಿಗೆ ಮಧ್ಯಾಹ್ನ ಮಲಗಿದ ಮೇಲೆ. ಎದೆಯೆತ್ತರ ಬೆಳೆದ ಕಳೆಯೊಳಗೆ ತಲೆ ಬಗ್ಗಿಸಿಕೊಂಡು. ಅವನೂ ಊಟಕ್ಕೆ ಬರುವ ಹೊತ್ತದು. ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಇಬ್ಬರೂ ಹರಟುತ್ತಿದ್ದರು. ಅವನು ಅವಳಿಗೆ 'ಸೂಜಿ' ಎಂದು ಹೆಸರಿಟ್ಟ. ಅವಳು ಅವನನ್ನು 'ಕತ್ತರಿ' ಎಂದು ಕರೆದಳು. ಅವಳ ಕತ್ತರಿಗೆ ಅವನೇ ಸಾಣೆ ಹಿಡಿದುಕೊಡುತ್ತಿದ್ದ.

ಪ್ರೀತಿ ಅನ್ನೋದೂ ಕಳೆಯ ಹಾಗೇ ಕಣ್ರೀ. ಯಾರೂ ಬಿತ್ತಿರೋದಿಲ್ಲ, ನೋಡನೋಡುತ್ತ ಎದೆ ಮುಟ್ಟಿರುತ್ತದೆ!

ಆಗ ಬಂತು ಪುರಸಭೆಯ ನೋಟಿಸು. ಖಾಸಗಿ ಜಾಗದಲ್ಲಿ ಕಳೆ ಮೊಣಕಾಲು ದಾಟಬಾರದು, ಮಾಲೀಕ ಕತ್ತರಿಸದಿದ್ದರೆ ಪುರಸಭೆಯೇ ಕತ್ತರಿಸುತ್ತದೆ. ಬೇಕೆಂದೇ ಬೆಳೆಸಿದ ಗಿಡಗಳಿಗೆ ಮಾತ್ರ ವಿನಾಯಿತಿ. ಹಾವು ಬರುತ್ತೆ, ಸೊಳ್ಳೆ ಆಗುತ್ತೆ ಅಂತ ದೂರು ಕೊಟ್ಟವನು ಬೇರಾರೂ ಅಲ್ಲ, ಅವಳ ಅಣ್ಣನೇ.

"ಔಷಧಿ ಗಿಡ, ನಾನೇ ಬೆಳೆಸಿದ್ದು ಅಂದುಬಿಡಿ!" ಅವಳು ಅಂಗಲಾಚಿದಳು.

"ಅನ್ನಲ್ಲ. ಕತ್ತರಿಸ್ತೀನಿ."

"ಯಾಕೆ...?"

"ಕಳ್ಳಿಯ ಹಾಗೆ ತಲೆ ಬಗ್ಗಿಸಿಕೊಂಡು ಬರ್ತೀಯಲ್ಲ ಸೂಜಿ, ಅದನ್ನ ನೋಡೋಕೆ ನನ್ನಿಂದ ಆಗ್ತಿಲ್ಲ."

ಕೋಪ ಬಂದವರ ಕಿವಿಗೆ ಅರ್ಧ ಮಾತೇ ಕೇಳಿಸೋದು.

"ಬರಬೇಡ ಅಂತ ನೇರವಾಗಿ ಹೇಳೋಕೆ ನಾಲಿಗೆ ಇಲ್ವಾ? ಸುತ್ತಿ ಬಳಸಿ ಯಾಕೆ ಮಾತಾಡ್ತೀರಿ!"

"ಸೂಜಿ, ಕೇಳು..."

ಕೇಳಲಿಲ್ಲ. ಅವತ್ತಿನಿಂದ ಮಧ್ಯಾಹ್ನಗಳು ಹೊಲಿಗೆ ಯಂತ್ರದ ಸದ್ದಿನಲ್ಲೇ ಕಳೆದವು. ಬಟ್ಟೆ ಮೇಲೆ ಕಣ್ಣೀರು ಬಿದ್ದರೆ ಇಸ್ತ್ರಿ ಒತ್ತಿ ಒಣಗಿಸುತ್ತಿದ್ದಳು. 'ಅವನಿಗೂ ನಾನು ಬೇಡವಾದೆ...'

ಆದರೆ ಕತ್ತರಿಸ್ತೀನಿ ಎಂದವನು ಕತ್ತರಿಸಲಿಲ್ಲ. ಗಡುವು ಮುಗಿಯಿತು. ಒಂದು ಬೆಳಿಗ್ಗೆ ಪುರಸಭೆಯ ಅಧಿಕಾರಿ, ಕಳೆ ಕೊಚ್ಚುವ ಯಂತ್ರ ಹೊತ್ತ ಇಬ್ಬರು ಆಳುಗಳೊಂದಿಗೆ ಬಂದ. ಬೀದಿಯವರೆಲ್ಲ ಬೇಲಿಗೆ ಆತುಕೊಂಡರು. ಅಣ್ಣ ಗೆದ್ದವನ ಹಾಗೆ ಸೊಂಟಕ್ಕೆ ಕೈಯಿಟ್ಟು ನಿಂತ.

ಯಂತ್ರ ಗುರ್ರೆಂದಿತು. ಕಳೆ ಮಲಗುತ್ತ ಹೋಯಿತು...

ಸದ್ದು ನಿಂತಾಗ ಅಧಿಕಾರಿ ಹುಬ್ಬೇರಿಸಿದ.

ಹಿತ್ತಲ ನಡುವೆ ಒಂದು ದಾರಿ! ಹುಲ್ಲಿನ ಗರಿಯೂ ಇಲ್ಲದ ಬರಿ ನೆಲ, ಬೈತಲೆ ತೆಗೆದ ಹಾಗೆ. ಅಣ್ಣನ ಮನೆಯ ಮುರಿದ ಬೇಲಿಯಿಂದ ಹೊರಟು ನೇರವಾಗಿ ಸಲೂನಿನವನ ಹಿಂಬಾಗಿಲಿಗೆ.

"ಸೊಳ್ಳೆ ಹುಡುಕೋಕೆ ಹೋಗಿ ಹೆಬ್ಬಾವನ್ನೇ ಹಿಡಿದಿರಲ್ಲ!" ಅತ್ತಿಗೆ ಗಂಡನಿಗೆ ಚುಚ್ಚಿದಳು.

ಅಣ್ಣನ ಮುಖ ಕಪ್ಪಿಟ್ಟಿತು. "ಯಾರು ತುಳಿದ ದಾರಿ ಇದು?"

"ನಾನು!" ಸಲೂನಿನವನು ಮುಂದೆ ಬಂದ. "ನಾನೊಬ್ಬನೇ ಓಡಾಡಿದ್ದು. ಅವರಿಗೂ ಇದಕ್ಕೂ ಸಂಬಂಧ ಇಲ್ಲ."

ಅವಳು ಅವನನ್ನೇ ನೋಡಿದಳು. ಬೇಡವಾದವಳಿಗಾಗಿ ಯಾರಾದರೂ ಬೀದಿಯೆದುರು ಕಳ್ಳನಾಗುತ್ತಾರಾ?

ಅಣ್ಣ ತಂಗಿಯತ್ತ ತಿರುಗಿದ. ದನಿ ತಗ್ಗಿಸಿದ. "ಕೇಳಿದೆಯಲ್ಲ? ಸುಮ್ಮನೆ ಒಳಗೆ ನಡಿ. ಮಾತು ಇಲ್ಲಿಗೇ ಮುಗೀಲಿ."

ತಲೆಯಾಡಿಸಿದರೆ ಸಾಕಿತ್ತು. ಹೊಸ್ತಿಲು ಉಳಿಯುತ್ತಿತ್ತು.

"ಸುಳ್ಳು!" ಎಂದಳು. "ತುಳಿದವಳು ನಾನು. ನನ್ನ ಕಾಲಲ್ಲಿ, ನನ್ನ ಇಷ್ಟದಿಂದ. ತಪ್ಪೇನು?"

"ಮಾನ ಮರ್ಯಾದೆ ಇದೆಯಾ ನಿನಗೆ?"

"ಇದೆ. ಅದಕ್ಕೇ ಇವತ್ತು ತಲೆ ಬಗ್ಗಿಸಿಕೊಂಡು ಹೋಗಲ್ಲ."

ಒಳಗೆ ಹೋದಳು. ಹೊಲಿಗೆ ಯಂತ್ರವನ್ನು ಸ್ಟ್ಯಾಂಡಿನಿಂದ ಬಿಚ್ಚಿ ಎದೆಗೆ ಅಪ್ಪಿಕೊಂಡಳು. ಕತ್ತರಿಯನ್ನು ಬ್ಯಾಗಿಗೆ ಹಾಕಿ ಹೊರಬಂದಳು.

"ಹೋದರೆ ಈ ಮನೆಗೆ ಮತ್ತೆ ಕಾಲಿಡಬೇಡ!" ಅಣ್ಣ ಗುಡುಗಿದ.

"ಒಂದೇ ಮಾತನ್ನ ಎಷ್ಟು ಸಲ ಹೇಳ್ತೀಯಣ್ಣಾ? ಬಂದ ದಿನವೇ ಕೇಳಿಸಿಕೊಂಡಿದ್ದೆ."

ಬೇಲಿ ದಾಟಿದಳು. ಮರೆ ಇಲ್ಲ, ಕಳೆ ಇಲ್ಲ. ಬೀದಿಯ ಕಣ್ಣೆಲ್ಲ ಬೆನ್ನ ಮೇಲೆ. ಬೆನ್ನು ನೆಟ್ಟಗೇ ಇತ್ತು.

ಅರ್ಧ ದಾರಿಗೆ ಅವನು ಓಡಿಬಂದ. ಹೊಲಿಗೆ ಯಂತ್ರಕ್ಕೆ ಕೈಯೊಡ್ಡಿದ.

"ಕತ್ತರಿಸ್ತೀನಿ ಅಂದವರು ಯಾಕೆ ಕತ್ತರಿಸಲಿಲ್ಲ?" ಅವಳು ಯಂತ್ರ ಬಿಡದೆ ಕೇಳಿದಳು.

"ದಾರಿ ಕಂಡರೆ ನಿಮ್ಮಣ್ಣನಿಗೆ ಉತ್ತರ ಕೊಡಬೇಕಾದವಳು ನೀನು. ನಿನ್ನನ್ನ ಕೇಳದೆ ಹೇಗೆ ಕತ್ತರಿಸಲಿ? ಕೇಳೋಣ ಅಂದರೆ ನೀನು ಬರಲೇ ಇಲ್ಲ..."

"ನಾನು ಬೇಡವಾದೆ ಅಂದುಕೊಂಡೆ."

"ಹುಚ್ಚಿ! ತಲೆಯೆತ್ತಿ ಬಾ ಅಂದೆ ಕಣೇ, ಬರಬೇಡ ಅನ್ನಲಿಲ್ಲ."

ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಅವನೇ ಒರೆಸಿದ.

"ನೋಡ್ರೀ," ಹಿಂದಿನಿಂದ ಅಧಿಕಾರಿ ಕೂಗಿದ. "ಇನ್ಮೇಲೆ ಮೊಣಕಾಲು ದಾಟದ ಹಾಗೆ ನೋಡ್ಕೊಳ್ಳಿ!"

"ಈ ದಾರಿ ಮೇಲೂ ಹುಲ್ಲು ಬಂದುಬಿಟ್ಟರೆ?" ಅವನು ಮೆಲ್ಲಗೆ ಕೇಳಿದ.

"ಬರಲಿ ಬಿಡಿ." ಅವಳು ಯಂತ್ರವನ್ನು ಅವನ ತೋಳಿಗಿಟ್ಟಳು. "ವಾಪಸ್ ಹೋಗೋರು ಯಾರಿದ್ದಾರೆ?"