ಊರಿಗೆಲ್ಲ ಬಾತುಕೋಳಿ

"ಟಿಕೆಟ್ ತಗೋ, ನನ್ ಬಾತುಕೋಳಿ!"

ಕಂಡಕ್ಟರ್ ವಿಲ್ಫ್ ಹಾಗೆಂದದ್ದೇ ತಡ, ಈನಿಡ್ ಬ್ಲೋರ್‌ಗೆ ಹೊಟ್ಟೆ ತೊಳಸಿತು. ಸ್ಟೋಕ್ ಊರಿನ ಪಿಂಗಾಣಿ ಕಾರ್ಖಾನೆಯಲ್ಲಿ ದಿನವಿಡೀ ಬಟ್ಟಲುಗಳ ಮೇಲೆ ಗುಲಾಬಿ ಬರೆಯುವವಳು ಅವಳು. ಅಂದಚೆಂದವೆಲ್ಲ ಅಲ್ಲೇ ಸಾಕುಸಾಕಾಗಿ ಹೋಗಿರುತ್ತಿತ್ತು.

ಆ ಊರಲ್ಲಿ 'ಬಾತುಕೋಳಿ' ಎಂದರೆ 'ಚಿನ್ನ', 'ಬಂಗಾರ' ಎಂದ ಹಾಗೆ, ಮುದ್ದಿನ ಕರೆ. ಅವಳೊಬ್ಬಳಿಗೇ ಅಂದಿದ್ದರೆ ಮಾತು ಬೇರೆ. ಮುಂದಿನ ಸೀಟಿನ ಹಲ್ಲಿಲ್ಲದ ಮುದುಕನೂ ಬಾತುಕೋಳಿ. ಪಾದ್ರಿಯ ಹೆಂಡತಿ ಹೂವಿನೆಸಳು. ಅವಳ ಮಡಿಲಲ್ಲಿ ಜೊಲ್ಲು ಸುರಿಸುವ ನಾಯಿ ಜೋನಿಬೆಲ್ಲ. ಥೂ! ಒಂದೇ ಎಂಜಲು ಚಮಚದಲ್ಲಿ ಊರಿಗೆಲ್ಲ ಜೇನು ನೆಕ್ಕಿಸಿದ ಹಾಗೆ.

ಅವಳ ಅಪ್ಪನೂ ಅಮ್ಮನನ್ನು 'ನನ್ನ ಹೂವೇ' ಎಂದೇ ಕರೆಯುತ್ತಿದ್ದ. ಹಾಗೆ ಕರೆಯುತ್ತಲೇ ಅಡುಗೆಮನೆಯ ಗಡಿಯಾರ ಮಾರಿ ಕುಡಿದ. ಮುದ್ದಿನ ಮಾತು ಕಿವಿಗೆ ಬಿದ್ದಾಗೆಲ್ಲ ಈನಿಡ್‌ಳ ಮೂಗಿಗೆ ಆ ಹುಳಿ ಬಿಯರ್ ವಾಸನೆ ಅಡರುತ್ತಿತ್ತು.

ಆದರೂ ದಿನಾ ಅದೇ ಬಸ್ಸಿಗೆ ಕಾಯುತ್ತಿದ್ದಳು. ಟಿಕೆಟ್ ಕೊಡುವಾಗ ಬೆರಳಿಗೆ ಬೆರಳು ತಾಗಿದರೆ ವಿಲ್ಫ್‌ನ ಕಿವಿ ಕೆಂಪಾಗುತ್ತಿತ್ತು, ಅವನು ಕಿಟಕಿಯಾಚೆ ಏನೋ ಹುಡುಕುತ್ತಿದ್ದ. ಅದನ್ನು ನೆನೆದು ಕುಂಚ ಹಿಡಿದೇ ನಗುವ ತನ್ನ ಮೇಲೂ ಅವಳಿಗೆ ಹೇಸಿಗೆಯಾಗುತ್ತಿತ್ತು.

"ಶನಿವಾರ ಡಾನ್ಸಿಗೆ ಬರ್ತೀಯಾ, ಬಾತುಕೋಳಿ?" ಮೂರನೇ ಸಲ ಕೇಳಿದ.

"ಮೊದ್ಲು ನಿನ್ ಬಾಯಿ ತೊಳ್ಕೋ. ಬರೀ ಅಂಟಂಟು! ನಂಗೂ ಒಂದು ಹೆಸ್ರಿದೆ, ಗೊತ್ತಾ?"

ಮಾರನೆಯ ದಿನ ವಿಲ್ಫ್ ಟೋಪಿ ತೆಗೆದು ನಿಂತ. "ನಿಮ್ಮ ಟಿಕೆಟ್, ಮಿಸ್ ಬ್ಲೋರ್."

ಬಸ್ಸಿನವರೆಲ್ಲ ಕತ್ತು ಚಾಚಿದರು. ಆ ಊರಲ್ಲಿ ಹಾಗೆ ಕರೆಸಿಕೊಳ್ಳುವವರು ಎರಡೇ ಬಗೆ: ಕಾರ್ಖಾನೆಯ ಮಾಲೀಕರು, ಇಲ್ಲವೇ ಮಾತು ಬಿಟ್ಟ ನೆಂಟರು.

ಮುದುಕ ಹಿಂದೆ ತಿರುಗಿದ. "ಏನ್ ಮಾಡ್ದೆ ಬಾತುಕೋಳಿ, ಆ ಪಾಪದವ್ನಿಗೆ?"

ವಿಲ್ಫ್ ಮಾತ್ರ ತಾನು ಮಹಾ ಮರ್ಯಾದೆ ಕೊಡುತ್ತಿದ್ದೇನೆಂದೇ ನಂಬಿದ್ದ. ನಾಲ್ಕು ದಿನ ಬರೀ 'ನೀವು', 'ದಯವಿಟ್ಟು'. ಈನಿಡ್‌ಗೆ ಒಂದೊಂದು ಮಾತೂ ಆರಿದ ಟೀ ಕುಡಿದಂತಾಯಿತು. ನಾಯಿ ಇನ್ನೂ ಜೋನಿಬೆಲ್ಲವಾಗಿಯೇ ಇತ್ತು. ಅವಳಿಗೆ ನಾಯಿಯ ಮೇಲೆ ಹೊಟ್ಟೆಕಿಚ್ಚಾಯಿತು.

ಶುಕ್ರವಾರ ಅವಳ ಸ್ಟಾಪ್ ಬಂದಾಗ ಅವನು ಮೆಲ್ಲಗೆ ಹೇಳಿದ: "ಸೋಮವಾರದಿಂದ ನಾನು ಬೇರೆ ಬಸ್ಸಿಗೆ, ಮಿಸ್ ಬ್ಲೋರ್. ನಾನೇ ಕೇಳಿ ಹಾಕಿಸ್ಕೊಂಡೆ. ನಿಮಗೆ ನೆಮ್ಮದಿಯಾಗಿರಲಿ ಅಂತ."

ಈನಿಡ್ ಮೆಟ್ಟಿಲ ಮೇಲೇ ನಿಂತಳು. ಈಗ ಇಳಿದರೆ ಮುಗಿಯಿತು.

"ನಾಳೆ ಏಳು ಗಂಟೆಗೆ ಬಾ, ಡಾನ್ಸಿಗೆ."

"ಏನಂದ್ರಿ?"

ಅವಳು ಮೀನೆಣ್ಣೆ ಕುಡಿಯುವವಳಂತೆ ಕಣ್ಣು ಮುಚ್ಚಿದಳು. "ಬಾ ಅಂದೆ... ಬಾತುಕೋಳಿ. ಥೂ! ಇನ್ನೊಂದ್ಸಲ ಹೇಳಿಸ್ಬೇಡ!"

ವಿಲ್ಫ್ ಬಸ್ಸಿನ ಗಂಟೆ ಹೊಡೆಯುವುದನ್ನೇ ಮರೆತ. ಅವನ ಕಿವಿಗಳೆರಡೂ ಕೆಂಪಾದವು. ಈ ಸಲ ಅವನು ಕಿಟಕಿಯಾಚೆ ನೋಡಲಿಲ್ಲ.

"ಬರ್ತೀನಿ, ಈನಿಡ್."

ಎರಡು ವರ್ಷದಲ್ಲಿ ಮೊದಲ ಸಲ ಅವನ ಬಾಯಲ್ಲಿ ಅವಳ ಹೆಸರು. ಅಷ್ಟು ಅಂಟಂಟು ಮಾತನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಹೊಟ್ಟೆ ಮಾತ್ರ ತೊಳಸಲಿಲ್ಲ.