ಹಾಲುಕ್ಕಿಸಿದವರ ಮನೆ

"ಸ್ವಂತ ಮನೆ ಕಟ್ಟಿಸಿದೋನು ಇನ್ನೊಬ್ಬರ ಮನೇಲಿ ಬಾಡಿಗೆಗೆ ಯಾಕವ್ನೆ ಅಂತ ಕೇಳಿದ್ಯೇನಪ್ಪಾ?"

ಕಡೂರಿನ ರೈಲು ಹಳಿಯಾಚೆಯ ಬೀದಿಯಲ್ಲಿ ಸೊಪ್ಪು ಮಾರುವ ಜವರಮ್ಮ ಈ ಮಾತು ಕೇಳಿದಾಗ ಖಗೇಂದ್ರ ಆಟೋದಿಂದ ಪಾತ್ರೆ ಮೂಟೆ ಇಳಿಸುತ್ತಿದ್ದ. ನೇಪಾಳದ ಧನಕುಟಾದವನು. ವರ್ಷಗಟ್ಟಲೆ ಶಿವಮೊಗ್ಗದ ಹೋಟೆಲೊಂದರ ಬೆಂಕಿಯ ಮುಂದೆ ನಿಂತು ಕನ್ನಡ ಕಲಿತವನು, ಈಗ ಕಡೂರಿನ ಬಸ್‌ಸ್ಟ್ಯಾಂಡ್ ಹತ್ತಿರ ತನ್ನದೇ ಮೊಮೊ ಗಾಡಿ ಇಟ್ಟಿದ್ದ. ಹೆಂಡತಿ ಬಿಮಲಾಗೆ ಐದು ತಿಂಗಳು.

"ಸೈಟಿನ ಜಗಳದಾಗೆ ಈ ಮನೆ ಓನರು ಓಂಕಾರೇಶಪ್ಪನ ತಮ್ಮ ಹೊಸಿಲ ಕೆಳಗೆ ಮಾಟ ಮಾಡ್ಸಿ ಹೂತವ್ನೆ. ಅಗೆಯೋಕೆ ಬಂದ ಗಾರೆಯವನ ಕೈ ಸೆಟೆದುಹೋಯ್ತು. ಆ ಮನೇಲಿ ಯಾರು ಹಾಲುಕ್ಕಿಸಿ ಮನೆಯವರಾಗ್ತಾರೋ ಅವರ ತೊಟ್ಟಿಲು ತೂಗಲ್ಲ ಕಣಪ್ಪಾ. ಮೂಟೆ ಬಿಚ್ಚಬ್ಯಾಡ, ಹಂಗೇ ಹೊಂಟೋಗು."

ನಗಬಾರದಿತ್ತು, ನಕ್ಕುಬಿಟ್ಟ. "ನಾನು ನೇಪಾಳದೋನು ಅಜ್ಜಿ. ನಿಮ್ಮೂರ ಮಾಟಕ್ಕೆ ನನ್ನ ವಿಳಾಸ ಎಲ್ಲಿ ಸಿಗುತ್ತೆ?"

"ವಿಳಾಸ ನೀನೇ ಕೊಡ್ತಾ ಇದೀಯಲ್ಲೋ" ಎಂದು ಜವರಮ್ಮ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಹೋದಳು.

ಹಾಲುಕ್ಕಿಸುವ ದಿನ ಮನೆಯ ಯಜಮಾನ ಓಂಕಾರೇಶ್ ಗೇಟಿನಾಚೆಯೇ ನಿಂತ. ಒಳಗೆ ಬನ್ನಿ ಎಂದರೆ ಸೊಂಟನೋವು ಅಂದ. ಬಿಮಲಾಳ ಹೆರಿಗೆಗೆ, ಊರಿಗೆ ಹೋಗುವ ದಾರಿಖರ್ಚಿಗೆ ಕೂಡಿಟ್ಟಿದ್ದ ಅಷ್ಟೂ ಹಣವನ್ನು ಖಗೇಂದ್ರ ಅಡ್ವಾನ್ಸ್ ಎಂದು ಅವನ ಕೈಗಿಟ್ಟ. ಖಾಲಿ ಮಾಡುವಾಗ ಹೇಗಿದ್ದರೂ ವಾಪಸ್ ಬರುತ್ತದಲ್ಲ! ಓಂಕಾರೇಶ್ ಎಣಿಸಲೂ ಇಲ್ಲ, ಹಳದಿ ಬಟ್ಟೆಯಲ್ಲಿ ಗಂಟು ಕಟ್ಟಿದ. ಒಳಗೆ ಹಾಲು ಉಕ್ಕಿತು. ಸ್ಟವ್ ಆರಿಸಿದ ಮೇಲೂ ಉಕ್ಕುತ್ತಲೇ ಇತ್ತು.

ಮಾರನೆಯ ಮುಸ್ಸಂಜೆಯಿಂದ ವಾಸನೆ ಶುರುವಾಯಿತು. ತಳ ಹಿಡಿದು ಸೀದ ಹಾಲಿನ ವಾಸನೆ. ಪಾತ್ರೆಗಳನ್ನೆಲ್ಲ ತಿಕ್ಕಿದರು, ಫಿನಾಯಿಲ್ ಸುರಿದರು, ಸ್ಟವ್ವನ್ನೇ ಬದಲಿಸಿದರು. ದೀಪ ಹಚ್ಚುವ ಹೊತ್ತಾದರೆ ಸಾಕು, ಅದು ಅಡುಗೆಮನೆಯಿಂದ ಎದ್ದು ಬಂದು ಗಂಟಲಿಗೆ ಅಂಟಿಕೊಳ್ಳುತ್ತಿತ್ತು. ಒಂದು ಸಂಜೆ ಖಗೇಂದ್ರ ಗಾಡಿ ಬಿಟ್ಟು ಮನೆಗೆ ಬಂದರೆ ಬಿಮಲಾ ಕತ್ತಲಲ್ಲಿ, ಉರಿಯದ ಸ್ಟವ್ ಮುಂದೆ, ಖಾಲಿ ಪಾತ್ರೆಯ ಮೇಲೆ ಎರಡೂ ಅಂಗೈ ಒತ್ತಿ ನಿಂತಿದ್ದಳು. ಅಂಗೈ ತುಂಬ ಬೊಬ್ಬೆ.

"ಉಕ್ಕುತ್ತೆ, ಹಿಡ್ಕೋ ಅಂತ ಯಾರೋ ಕರೆದರು" ಅಂದಳು.

ಡಾಕ್ಟರಮ್ಮ ಸ್ಕ್ಯಾನ್ ಮಾಡಿ ಮುಖ ಸಣ್ಣದು ಮಾಡಿಕೊಂಡರು. ಮಗು ಬೆಳೆಯುತ್ತಿಲ್ಲ. ಯಾಕೆ ಅಂತ ಅವರಿಗೂ ತಿಳಿಯಲಿಲ್ಲ.

ಆಗ ನಗು ನಿಂತಿತು ನೋಡಿ ನಮ್ಮ ಖಗೇಂದ್ರನದು. ಬೀಗ ಜಡಿದು, ಕೀಲಿಕೈ ಓಂಕಾರೇಶನಿಗೆ ಎಸೆದು, ತರೀಕೆರೆಯಲ್ಲಿ ಗೆಳೆಯನೊಬ್ಬನ ಕೋಣೆಗೆ ಹೆಂಡತಿಯನ್ನು ಕರೆದೊಯ್ದ. ಆ ಸಂಜೆ, ಸ್ಟವ್ವೇ ಇಲ್ಲದ ಆ ಕೋಣೆಯಲ್ಲಿ, ಹಾಲು ಸೀದಿತು.

ಅಡ್ವಾನ್ಸ್ ಕೈಗೆ ಬಂದರೆ ಊರಿಗೆ ಹೋಗಬಹುದು, ಅವ್ವನ ಮಡಿಲಿಗೆ ಇವಳನ್ನು ಹಾಕಬಹುದು. ಇದೊಂದೇ ಆಸೆ ಹಿಡಿದು ತರೀಕೆರೆಯಿಂದ ಕಡೂರಿಗೆ ಮತ್ತೆ ಮತ್ತೆ ಬಸ್ಸು ಹತ್ತಿದ. ಹೋದಾಗಲೆಲ್ಲ ಓಂಕಾರೇಶನದು ಒಂದೇ ಉತ್ತರ: "ಹೊಸಬರು ಬಂದು ಅಡ್ವಾನ್ಸ್ ಕೊಡ್ಲಿ, ನಿಂದು ಕೊಡ್ತೀನಿ." ವಕೀಲರೊಬ್ಬರು ಕರಾರು ಪತ್ರ ನೋಡಿ, ಕೇಸು ಹಾಕಬಹುದು, ಆದರೆ ಮುಗಿಯಲು ವರ್ಷಗಳೇ ಬೇಕು ಅಂದರು. ಬಿಮಲಾಗೆ ವರ್ಷ ಎಲ್ಲಿಂದ ತರುವುದು? ಪರದೇಶ. ಹಿಂದೆ ಮುಂದೆ ಹೇಳುವವರಿಲ್ಲ, ಕೇಳುವವರಿಲ್ಲ. ಅವನಿಗೆ ದಾರಿಯಲ್ಲೇ ಅಳು ಬಂತು.

ಕೊನೆಗೊಂದು ದಿನ ಓಂಕಾರೇಶನ ಕಾಲು ಹಿಡಿದ. ಆ ಮನುಷ್ಯನೂ ನೆಲಕ್ಕೆ ಕುಸಿದು ಕೂತ. ದೇವರ ಗೂಡಿನಿಂದ ಹಳದಿ ಗಂಟು ತಂದು ತೋರಿಸಿದ. ಕಟ್ಟಿದ ಗಂಟು ಕಟ್ಟಿದಂತೆಯೇ ಇತ್ತು.

"ಒಂದು ನೋಟೂ ಮುಟ್ಟಿಲ್ಲ ಕಣಪ್ಪಾ, ನಿನ್ನಾಣೆ. ನಾನೇನು ದುಡ್ಡಿಗೆ ಸಾಯ್ತೀನಾ? ಇದು ನನ್ನ ಹತ್ರ ಇರೋವರೆಗೂ ಆ ಮನೆಗೆ ನೀನೇ ಮನೆಯವನು. ವಾಪಸ್ ಕೊಟ್ಟ ಗಳಿಗೆ ಮನೆ ನಂದಾಗುತ್ತೆ. ನನ್ನ ಮಗಳು ಕೃತಿಕಾನೂ ಬಸುರಿ."

"ಹಂಗಾದ್ರೆ ದುಡ್ಡು ನೀವೇ ಇಟ್ಕೊಳ್ಳಿ! ನನ್ನ ಬಿಟ್ಬಿಡಿ!"

"ಇಟ್ಕೊಂಡ್ರೆ ಬಿಟ್ಟಂಗಾಗಲ್ಲ ಕಣಪ್ಪಾ." ಅವನ ದನಿ ಉಡುಗಿತು. "ಇನ್ನೊಬ್ಬರು ಬರಬೇಕು. ಹಾಲುಕ್ಕಿಸಬೇಕು. ನಾನು ಹುಡುಕಿ ಸಾಕಾದೆ. ಈ ಊರೋರು ಯಾರೂ ಬರಲ್ಲ."

ಆ ಸಂಜೆ ತರೀಕೆರೆಯ ಕೋಣೆಯ ಬಾಗಿಲು ತೆರೆದ. ಕತ್ತಲು. ಸೀದ ವಾಸನೆ. ಗೋಡೆಯಿಂದ ಬಿಸಿ. ಸ್ವಿಚ್ ಒತ್ತಿದ. ಬೆಳಕಿಲ್ಲ. ಬುಸ್ಸೆಂದು ಏನೋ ಉಕ್ಕುವ ಸದ್ದು. "ಬಿಮಲಾ!" ಕಾಲ ಕೆಳಗೆ ಒದ್ದೆ. ಬಿಸಿ ಒದ್ದೆ. ಕೈಗೆ ಅವಳ ಮುಖ ಸಿಕ್ಕಿತು. ತುಟಿಯ ಸುತ್ತ ನೊರೆ. ಹಾಲಿನ ನೊರೆ. ಹೊಟ್ಟೆಯ ಮೇಲೆ ಕೈಯಿಟ್ಟ. ಕಾದ. ಉಸಿರು ಬಿಗಿಹಿಡಿದು ಕಾದ. ಒಳಗೆ ಏನೂ ಅಲುಗಲಿಲ್ಲ. ಮತ್ತೆ ಒತ್ತಿದ. ದೂರದಲ್ಲಿ, ತೀರಾ ದೂರದಲ್ಲಿ, ಒಂದು ಸಣ್ಣ ಮಿಡುಕು.

ಅಷ್ಟು ಸಾಕಾಯಿತು ಅವನಿಗೆ. ಆ ಮಿಡುಕಿಗಾಗಿ ಏನು ಬೇಕಾದರೂ ಮಾಡುವ ಮನುಷ್ಯನಾಗಿಬಿಟ್ಟ.

ಬಾಡಿಗೆಗಿದೆ ಎಂಬ ಚೀಟಿಯನ್ನು ಅಜ್ಜಂಪುರದಲ್ಲೂ ಲಕ್ಕವಳ್ಳಿಯಲ್ಲೂ ಅಂಟಿಸಿ ಬಂದ. ವಾರ ಕಳೆಯುವುದರೊಳಗೆ ಅಜ್ಜಂಪುರದಿಂದ ಭೂಮಿಕಾ ಎಂಬ ಹುಡುಗಿ ಬಂದಳು. ಕಡೂರಿನ ಬಟ್ಟೆ ಅಂಗಡಿಯಲ್ಲಿ ಅವಳಿಗೆ ಹೊಸ ಕೆಲಸ. ಗಂಡ ಹರ್ಷಿತ್ ಆಟೋ ಓಡಿಸುತ್ತಾನೆ. ಮನೆ ನೋಡಿ ಖುಷಿಪಟ್ಟು ಅಡ್ವಾನ್ಸ್ ತಂದಳು. ಓಂಕಾರೇಶ್ ಗೇಟಿನಾಚೆ ನಿಂತ. ಈ ಸಲ ಅವನ ಪಕ್ಕದಲ್ಲಿ ಖಗೇಂದ್ರನೂ ನಿಂತ.

ಎದುರು ಜಗುಲಿಯಿಂದ ಜವರಮ್ಮ ಕೂಗುತ್ತ ಬಂದಳು: "ಏ ಮಗಾ, ಒಳಕ್ಕೆ ಹೋಗಬ್ಯಾಡ ಕಣೇ! ಅಲ್ಲಿ ಮಾಟ ಐತೆ!"

ಭೂಮಿಕಾ ಹಾಲಿನ ಪಾತ್ರೆ ಹಿಡಿದು ಹೊಸಿಲಲ್ಲೇ ನಿಂತಳು. "ಏನಣ್ಣ ಇದು, ಅಜ್ಜಿ ಹಿಂಗಂತಾಳೆ?"

ಖಗೇಂದ್ರ ನಕ್ಕ. ನಗು ಚೆನ್ನಾಗಿಯೇ ಬಂತು. "ನನಗೂ ಹಿಂಗೇ ಹೆದರಿಸಿದ್ಲು ಕಣಮ್ಮ. ಮಾಟ ಗೀಟ ಏನೂ ಇಲ್ಲ. ಓನರ್ ಒಳ್ಳೆಯೋರು, ಒಂದು ರೂಪಾಯಿ ಹಿಡಿಯಲ್ಲ. ನೋಡು, ನನಗೆ ವಾಪಸ್ ಕೊಡೋ ಅಡ್ವಾನ್ಸ್ ಪೂರ್ತಿ ಅವರ ಕೈಲೇ ಇದೆ."

ಭೂಮಿಕಾಳೂ ನಕ್ಕಳು. ಬಲಗಾಲಿಟ್ಟು ಒಳಗೆ ಹೋದಳು. ಹಾಲು ಉಕ್ಕಿದ ವಾಸನೆ ಗೇಟಿನವರೆಗೆ ಬಂತು. ಓಂಕಾರೇಶ್ ತಲೆ ಎತ್ತದೆ ಹಳದಿ ಗಂಟನ್ನು ಖಗೇಂದ್ರನ ಕೈಗಿಟ್ಟ. ಜವರಮ್ಮ ಅವನ ಮುಖವನ್ನೇ ನೋಡಿದಳು.

ಅಂದೇ ರೈಲು ಹತ್ತಿದರು. ಕಡೂರು ಹಿಂದಾಯಿತು. ಸಂಜೆಯಾಯಿತು, ದೀಪ ಹಚ್ಚುವ ಹೊತ್ತಾಯಿತು, ಬೋಗಿಯಲ್ಲಿ ಯಾರದೋ ಚಿತ್ರಾನ್ನದ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಬಿಮಲಾ ಇದ್ದಕ್ಕಿದ್ದಂತೆ ಅವನ ಕೈ ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು.

"ಒದೀತಾ ಇದೆ ನೋಡು!" ಎಷ್ಟೋ ದಿನದ ಮೇಲೆ ನಕ್ಕಳು. ಆಮೇಲೆ ಕೇಳಿದಳು: "ಆ ಮನೆಗೆ ಈಗ ಯಾರು ಬಂದರು?"

"ಯಾರೋ ಗಂಡ ಹೆಂಡತಿ."

"ಮಗು ಇದೆಯಾ ಅವರಿಗೆ?"

"ಇಲ್ಲ" ಅಂದ ಖಗೇಂದ್ರ. ಅವರ ತೊಟ್ಟಿಲನ್ನು ಆಟೋದಿಂದ ಇಳಿಸಿ ಹೊಸಿಲು ದಾಟಿಸಿದವನು ಅವನೇ.